ಸೆಲ್ ತೆಗೆದ ವಾಚು

ಇಂಥ ಅನುಭವಗಳನ್ನು ಬರೆಯುವವರು "ನೀವು ನಂಬಲೇಬೇಕು" ಎಂದು ಶುರುಮಾಡುವುದನ್ನು ನೋಡಿದ್ದೇನೆ. ನಂಬಿ ಎಂದು ನಾನು ಯಾರ ಕಾಲನ್ನೂ ಹಿಡಿಯುವುದಿಲ್ಲ. ನನಗೇ ನಂಬಿಕೆ ಇರಲಿಲ್ಲ. ಮಣಿಪಾಲದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದವಳು ನಾನು. ಆಸ್ಪತ್ರೆಯಲ್ಲಿ ಕಥೆಗಳಿಗೆ ಬರವಿಲ್ಲ. ಆ ಮೂಲೆಯ ಮಂಚದಲ್ಲಿ ಮಲಗಿದವರು ಏಳುವುದಿಲ್ಲ, ಹಿಂದಿನ ಲಿಫ್ಟು ಯಾರೂ ಕರೆಯದೆ ಕೆಳಗೆ ಬರುತ್ತದೆ, ಹೀಗೆ. ಆ ಮೂಲೆಯ ಮಂಚದಿಂದ ಎದ್ದು, ನಡೆದುಕೊಂಡು ಮನೆಗೆ ಹೋದವರನ್ನು ನಾನೇ ಕಳುಹಿಸಿಕೊಟ್ಟಿದ್ದೇನೆ. ಹಿಂದಿನ ಲಿಫ್ಟಿನಲ್ಲಿ ಒಬ್ಬಳೇ ಓಡಾಡಿದ್ದೇನೆ. ಹಾಗಾಗಿ ಈಗ ಹೇಳುವುದನ್ನು ಹೆದರಿದವಳು ಹೇಳುತ್ತಿದ್ದಾಳೆ ಎಂದು ತಿಳಿಯಬೇಡಿ. ಹೆಚ್ಚೆಂದರೆ ಸಿಟ್ಟಿನವಳು ಎನ್ನಬಹುದು.

ಮೊದಲು ನನ್ನ ಕೈಯ ವಿಷಯ ಹೇಳಬೇಕು. ನನ್ನ ಕೈಗೆ ಕಟ್ಟಿದ ವಾಚು ಓಡುವುದಿಲ್ಲ. ನಾನು ಬೆಳ್ಮಣ್ಣಿನವಳು. ತೊಂಬತ್ತರ ದಶಕದ ಕೊನೆಯಲ್ಲಿ ಕೆಲಸಕ್ಕೆ ಸೇರಿ, ಮೊದಲ ಸಂಬಳದಲ್ಲಿ ಒಂದು ವಾಚು ಕೊಂಡೆ. ಕೆಲವೇ ದಿನಗಳಲ್ಲಿ ನಿಂತಿತು. ಅಂಗಡಿಯವರು ಬದಲಿಸಿ ಕೊಟ್ಟರು. ಅದೂ ಕೈಕೊಟ್ಟಿತು. ಹಾಸ್ಟೆಲಿನ ಗೆಳತಿ ಕಟ್ಟಿಕೊಂಡರೆ ಓಡುತ್ತದೆ, ಯೂನಿಫಾರ್ಮಿಗೆ ಪಿನ್ನಿನಲ್ಲಿ ಸಿಕ್ಕಿಸಿದರೂ ಓಡುತ್ತದೆ, ನನ್ನ ಮಣಿಕಟ್ಟಿಗೆ ಬಂದರೆ ಮಾತ್ರ ಅದಕ್ಕೆ ಸುಸ್ತು.

ಉಡುಪಿಯ ಸಿಟಿ ಬಸ್‌ಸ್ಟ್ಯಾಂಡಿನ ಹತ್ತಿರ ಒಬ್ಬರು ವಾಚು ರಿಪೇರಿಯವರಿದ್ದರು. ಕೊಂಕಣಿಯವರು, ಎಲ್ಲರೂ ಅವರನ್ನು ಮಾಮ್, ಅಂದರೆ ಮಾವ, ಎನ್ನುತ್ತಿದ್ದರು. ಅಂಗಡಿ ಎಂದರೆ ಒಂದು ಗಾಜಿನ ಪೆಟ್ಟಿಗೆ, ಅದರ ಹಿಂದೆ ಅವರು, ಅವರ ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ. ಸೆಲ್ ಬದಲಿಸಿ ಬದಲಿಸಿ ಅವರಿಗೇ ಬೇಸರ ಬಂತು. "ಇನ್ನು ಸೆಲ್ ಹಾಕಿ ಪ್ರಯೋಜನ ಇಲ್ಲ ಸಿಸ್ಟರ್. ನಿಮ್ಮ ಮೈಯಲ್ಲಿ ಎಂತದೋ ಮ್ಯಾಗ್ನೆಟ್ ಉಂಟು. ಕೆಲವರಿಗೆ ಇರ್ತದೆ" ಎಂದರು. ಆಮೇಲೆ ನಗುತ್ತಾ, "ನಮ್ಮ ಕೈಯಲ್ಲಿ ದುಡ್ಡು ನಿಲ್ಲುವುದಿಲ್ಲ, ನಿಮ್ಮ ಕೈಯಲ್ಲಿ ವಾಚು ನಿಲ್ತದೆ. ಅಷ್ಟೇ ವ್ಯತ್ಯಾಸ" ಎಂದರು. ನಾನೂ ನಕ್ಕೆ. ಬೆವರಿರಬೇಕು, ಕಡಲ ಗಾಳಿಯ ಉಪ್ಪಿರಬೇಕು, ಸೆಲ್ಲೇ ಕಳಪೆ ಇರಬೇಕು ಎಂದುಕೊಂಡು ಸುಮ್ಮನಾದೆ. ವಾರ್ಡಿನಲ್ಲಿ ಹೇಗೂ ಗೋಡೆಗಡಿಯಾರವಿತ್ತು.

ಮದುವೆಯಾದದ್ದು ಕಾಪುವಿಗೆ. ಗಂಡ ಉಡುಪಿಯ ಸರ್ವಿಸ್ ಬಸ್‌ಸ್ಟ್ಯಾಂಡಿನಲ್ಲಿ ಟೈಮ್‌ಕೀಪರ್. ನಮ್ಮ ಕಡೆಯ ಖಾಸಗಿ ಬಸ್ಸುಗಳು ನಿಮಿಷಗಳ ಮೇಲೆ ಬದುಕುವಂಥವು. ಒಂದು ಬಸ್ಸು ಎರಡು ನಿಮಿಷ ಹೆಚ್ಚು ನಿಂತರೆ ಹಿಂದಿನ ಬಸ್ಸಿನ ಕಂಡಕ್ಟರ್ ಜಗಳಕ್ಕೆ ಬರುತ್ತಾನೆ. ಆ ಜಗಳದ ಮಧ್ಯೆ ಸೀಟಿ ಊದಿಕೊಂಡು ನಿಲ್ಲುವುದು ಇವರ ಕೆಲಸ. "ನಾನು ಇಡೀ ಊರಿಗೆ ಟೈಮ್ ಕೊಡುವುದು, ಮನೆಯಲ್ಲಿ ಇವಳು ಅದನ್ನು ನಿಲ್ಲಿಸುವುದು" ಎಂದು ಸಿಕ್ಕಿದವರ ಹತ್ತಿರವೆಲ್ಲ ಹೇಳಿ ನಗುತ್ತಿದ್ದರು. ಮಾಮ್ ಹೇಳಿದ ಮ್ಯಾಗ್ನೆಟ್ಟಿನ ಕಥೆಯನ್ನು ನಾನೇ ಮನೆಯಲ್ಲಿ ಹೇಳಿ ನಗಿಸಿದ್ದೆ. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುವುದು ಆಗ ತಿಳಿಯಲಿಲ್ಲ.

ಮದುವೆಯ ದಿನ ಅತ್ತೆ ನನ್ನ ಕೈಗೆ ಒಂದು ವಾಚು ಕಟ್ಟಿದರು. ದುಬೈಯಲ್ಲಿದ್ದ ದೊಡ್ಡ ಮಗ ಕಳುಹಿಸಿದ, ಬಂಗಾರದ ಬಣ್ಣದ ಚೈನಿನ ಲೇಡೀಸ್ ವಾಚು. ಬರುವ ಸೊಸೆಗೆಂದು ಕಪಾಟಿನಲ್ಲಿ ಜೋಪಾನವಾಗಿ ಇಟ್ಟದ್ದು. ಆಗಾಗ ಹೊಸ ಸೆಲ್ ಹಾಕಿಸಿ, ಓಡುವ ಹಾಗೆಯೇ ಇಟ್ಟಿದ್ದರಂತೆ. ಮದುವೆಯ ಬಳೆ ಇನ್ನೂ ಕೈಯಲ್ಲಿರುವಾಗಲೇ ಅದು ನಿಂತಿತು.

ಅತ್ತೆ ಬೈಯಲಿಲ್ಲ. ಅವರು ಬೈಯುವವರಲ್ಲ. ಅಂಗಳದಲ್ಲಿ ಮಲ್ಲಿಗೆ ಕಟ್ಟುತ್ತಾ ಪಕ್ಕದ ಮನೆಯವರ ಹತ್ತಿರ ಒಂದೇ ಶಬ್ದ ಹೇಳಿದರು: "ಕೈಗುಣ." ಒಳಗಿದ್ದ ನನಗೆ ಕೇಳಿಸಿತು.

ಕೈಗುಣ ಎಂದರೆ ನಮ್ಮಲ್ಲಿ ಸಣ್ಣ ಮಾತಲ್ಲ. ಸೌತೆ ಬೀಜ ಹಾಕುವುದಕ್ಕೆ ಕೈಗುಣ ಬೇಕು, ಹಾಲಿಗೆ ಹೆಪ್ಪು ಹಾಕುವುದಕ್ಕೆ ಬೇಕು, ಮಗುವನ್ನು ಮೊದಲು ಮೀಯಿಸುವುದಕ್ಕೆ ಬೇಕು. ಡಾಕ್ಟರ ಓದು ಆಮೇಲೆ, ಮೊದಲು ಕೈಗುಣ. ಅಂದಿನಿಂದ ಅತ್ತೆ ನನ್ನನ್ನು ಒಂದೊಂದರಿಂದಲೂ ದೂರ ಇಟ್ಟರು, ಅದೂ ಬಹಳ ಪ್ರೀತಿಯಿಂದ. ಮಲ್ಲಿಗೆಯ ಗೆಲ್ಲು ನೆಡಲು ಹೋದರೆ, "ನಿನಗೆ ಡ್ಯೂಟಿ ಉಂಟಲ್ವಾ ಮಗಾ, ಬಿಸಿಲಿಗೆ ಯಾಕೆ?" ಹೆಪ್ಪಿನ ಲೋಟ ಹಿಡಿದರೆ, "ಅದು ಅಲ್ಲಿರಲಿ, ನೀನು ಚಾ ಕುಡಿ." ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಈ ಪ್ರೀತಿಗೆ ಏನು ಹೇಳುವುದು?

ಸೂಜಿ ಚುಚ್ಚಿ ಬದುಕುವವಳಿಗೆ ಕೈಗುಣವಿಲ್ಲ ಎಂದರೆ ಅಡಿಗೆ ಭಟ್ಟರಿಗೆ ನಾಲಿಗೆ ಇಲ್ಲ ಎಂದ ಹಾಗೆ. ವಾರ್ಡಿನಲ್ಲಿ ರೋಗಿಗಳು "ಆ ಬೆಳ್ಮಣ್ ಸಿಸ್ಟರೇ ಬರಲಿ, ಅವರು ಚುಚ್ಚಿದ್ದು ಗೊತ್ತೇ ಆಗುವುದಿಲ್ಲ" ಎಂದು ಕೇಳಿ ಕರೆಸುತ್ತಿದ್ದರು. ಅದೇ ಕೈ ಮನೆಗೆ ಬಂದರೆ ಮೈಲಿಗೆ. ನನಗೆ ಬೇರೇನೂ ಬೇಡವಾಗಿತ್ತು. ಆ ಮನೆಯಲ್ಲಿ ನನ್ನ ಕೈ ಎಲ್ಲರ ಕೈಯ ಹಾಗೆ ಒಂದು ಕೈ ಎಂದು ಅತ್ತೆ ಒಪ್ಪಬೇಕಿತ್ತು. ಹೊಗಳುವುದು ಬೇಡ, ಒಪ್ಪಿದರೆ ಸಾಕು. ಅದೇ ನನ್ನ ಹಟವಾಯಿತು.

ಹಟಕ್ಕೆ ಬಿದ್ದು ಆ ವಾಚಿಗೆ ಸೆಲ್ ಹಾಕಿಸಿದ್ದೇ ಹಾಕಿಸಿದ್ದು. ಕೊನೆಗೆ ಮಾಮ್ ಸೋಲೊಪ್ಪಿದರು. ನನ್ನೆದುರೇ ಹಿಂದಿನ ಮುಚ್ಚಳ ತೆಗೆದು, ಚಿಮುಟದಿಂದ ಸೆಲ್ ಎತ್ತಿ ಡಬ್ಬಿಗೆ ಹಾಕಿದರು. "ಒಳಗೇ ಬಿಟ್ಟರೆ ಸೋರಿ ಮಿಷನ್ ಹಾಳಾಗ್ತದೆ. ಖಾಲಿ ಇರಲಿ. ಕಟ್ಟುವ ದಿನ ತನ್ನಿ, ಹೊಸತು ಹಾಕಿ ಕೊಡುವ" ಎಂದು ಮುಚ್ಚಳ ಒತ್ತಿ ಕೊಟ್ಟರು. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ನಾನು ಮುಂದೆ ಹೇಳುವ ದಿನದವರೆಗೆ ಅದಕ್ಕೆ ಯಾರೂ ಸೆಲ್ ಹಾಕಿರಲಿಲ್ಲ. ಇದು ನೆನಪಿರಲಿ.

ಆದರೆ ಮದುವೆ ಮುಂಜಿಗೆ ಹೊರಟಾಗ "ದುಬೈ ವಾಚು ಎಲ್ಲಿ?" ಎನ್ನುವ ಪ್ರಶ್ನೆ ಬರುತ್ತಿತ್ತು. ಪ್ರತಿಸಲವೂ ಉಡುಪಿಗೆ ಓಡಲು ಪುರುಸೊತ್ತು ಯಾರಿಗಿತ್ತು? ಖಾಲಿ ವಾಚನ್ನೇ ಬಳೆಯ ಹಾಗೆ ಕಟ್ಟಿಕೊಂಡು ಹೋಗುತ್ತಿದ್ದೆ. ಗಂಡ ತಮಾಷೆಗೆ ಅದರ ಮುಳ್ಳುಗಳನ್ನು ಹತ್ತು ಗಂಟೆ ಹತ್ತು ನಿಮಿಷಕ್ಕೆ ತಿರುಗಿಸಿ ಇಟ್ಟಿದ್ದರು. "ಅಂಗಡಿಯ ಗಾಜಿನಲ್ಲಿ ಎಲ್ಲ ವಾಚುಗಳೂ ಹತ್ತು ಹತ್ತಕ್ಕೇ ನಿಂತಿರುವುದು, ನೋಡು" ಎಂದಿದ್ದರು. ಹಾಗೆ ಎಷ್ಟೋ ಮದುವೆಗಳಲ್ಲಿ ನನ್ನ ಕೈಯಲ್ಲಿ ಹತ್ತು ಹತ್ತೇ ಆಗಿತ್ತು. ಯಾರಿಗೂ ಗೊತ್ತಾಗಲಿಲ್ಲ ಎಂದುಕೊಂಡಿದ್ದೆ.

ಎರಡು ಸಾವಿರದ ಇಸವಿ ಕಳೆದ ಮೇಲಿನ ಒಂದು ಮೇ ತಿಂಗಳು. ಕಾರ್ಕಳದಲ್ಲಿ ನಮ್ಮ ಕಡೆಯ ಒಂದು ಮದುವೆ. ಮೇ ಎಂದರೆ ಬಸ್ಸುಗಳಲ್ಲಿ ಕಾಲಿಡಲು ಜಾಗವಿಲ್ಲದ ಕಾಲ, ಗಂಡನಿಗೆ ರಜೆಯಿಲ್ಲ. ನಾನು ಮತ್ತು ಅತ್ತೆ ಮಾತ್ರ ಹೋದೆವು. ಅತ್ತೆಗೆ ಕೆಲವು ದಿನಗಳಿಂದ ಕಣ್ಣು ಕತ್ತಲೆ ಬರುತ್ತಿತ್ತಂತೆ. ಮನೆಯಲ್ಲಿ ನರ್ಸ್ ಇಟ್ಟುಕೊಂಡು, ನನಗೊಬ್ಬಳಿಗೆ ಬಿಟ್ಟು ಊರಿಗೆಲ್ಲ ಹೇಳಿದ್ದರು. ಊಟ ಮುಗಿಸಿ ಕೈತೊಳೆಯುವಲ್ಲಿಗೆ ಹೋದವರು ಗೋಡೆಗೆ ಒರಗಿ, ಹಾಗೆಯೇ ಜಾರಿ ಕೆಳಗೆ ಕುಳಿತರು. ಮುಖ ಬಿಳಿಚಿತು.

ಜನ ಸೇರಿತು. ಒಬ್ಬರು ಸೋಡಾ ಎಂದರು, ಒಬ್ಬರು ಗಾಳಿ ಹಾಕಿ ಎಂದರು. ನಾನು ಎಲ್ಲರನ್ನೂ ಸರಿಸಿ, ರೇಷ್ಮೆ ಸೀರೆಯಲ್ಲೇ ಒದ್ದೆ ನೆಲದಲ್ಲಿ ಕುಳಿತು ಅತ್ತೆಯ ಮಣಿಕಟ್ಟು ಹಿಡಿದೆ. ಮದುವೆಯಾದ ಮೇಲೆ ನಾನು ಅವರ ಕೈಯನ್ನು ಅಷ್ಟು ಗಟ್ಟಿಯಾಗಿ ಹಿಡಿದದ್ದು ಅದೇ ಮೊದಲು. ನಾಡಿ ಬಹಳ ನಿಧಾನ. ಒಂದು ಬಡಿತಕ್ಕೂ ಇನ್ನೊಂದಕ್ಕೂ ಮಧ್ಯೆ ಉಸಿರು ಕಟ್ಟಿ ಕಾಯಬೇಕು. ಅಭ್ಯಾಸದಂತೆ ನನ್ನ ಎಡಗೈ ನೋಡಿದೆ. ಸೆಕೆಂಡಿನ ಮುಳ್ಳು ಓಡುತ್ತಿತ್ತು. ಅದು ಹನ್ನೆರಡಕ್ಕೆ ಬಂದಾಗ ಎಣಿಸಲು ಶುರುಮಾಡಿ ಮತ್ತೆ ಹನ್ನೆರಡಕ್ಕೆ ಬರುವವರೆಗೆ ಎಣಿಸಿದೆ. ಮೂವತ್ತಾರು. "ವಾಚು ನೋಡಿ ಎಂತ ಮಾಡ್ತೀರಿ ಮಾರಾಯ್ತಿ, ಗಾಡಿ ತರಿಸಿ!" ಎಂದು ಹಿಂದಿನಿಂದ ಯಾರೋ ಹೆಂಗಸು ಕಿರುಚಿದ್ದು ಈಗಲೂ ಕಿವಿಯಲ್ಲಿದೆ. ಅತ್ತೆಯ ಕಣ್ಣು ಅರೆ ತೆರೆದಿತ್ತು.

ನೆಂಟರ ಓಮ್ನಿಯ ಹಿಂದಿನ ಸೀಟಿನಲ್ಲಿ ಅತ್ತೆಯನ್ನು ಮಲಗಿಸಿಕೊಂಡು ಬೈಲೂರು, ಹಿರಿಯಡ್ಕದ ದಾರಿಯಲ್ಲಿ ಮಣಿಪಾಲಕ್ಕೆ ಬಂದೆವು. ದಾರಿಯುದ್ದಕ್ಕೂ ಅವರ ಕೈ ಬಿಡಲಿಲ್ಲ. ಮಧ್ಯೆ ಇನ್ನೊಮ್ಮೆ ಎಣಿಸಿದೆ, ಇನ್ನೂ ಇಳಿದಿತ್ತು. ಆಗಲೂ ಮುಳ್ಳು ಓಡುತ್ತಿತ್ತು. ವಾಚು ಖಾಲಿ ಎನ್ನುವುದು ತಲೆಗೆ ಬರಲೇ ಇಲ್ಲ. ನಾಡಿ ಹಿಡಿದವಳ ಕಣ್ಣಿಗೆ ಮುಳ್ಳು ಕಾಣುತ್ತದೆ, ಅಷ್ಟೇ. ಅದು ಯಾಕೆ ಓಡುತ್ತಿದೆ ಎಂದು ಯಾರೂ ಯೋಚಿಸುವುದಿಲ್ಲ.

ಡ್ಯೂಟಿ ಡಾಕ್ಟರಿಗೆ ನಾಡಿಯ ಲೆಕ್ಕ ಹೇಳಿದೆ. ಇಸಿಜಿ ತೆಗೆದರು. ಮೆಷಿನ್ ತೋರಿಸಿದ್ದೂ ನಾನು ದಾರಿಯಲ್ಲಿ ಎಣಿಸಿದಷ್ಟೇ. ಹೃದಯಕ್ಕೆ ಹೋಗುವ ಸಂದೇಶವೇ ಮಧ್ಯದಲ್ಲಿ ತುಂಡಾಗಿದೆ, ಇನ್ನು ಸ್ವಲ್ಪ ತಡವಾಗಿದ್ದರೆ ಕೈಮೀರುತ್ತಿತ್ತು ಎಂದು ಹೇಳಿ ಅವರನ್ನು ಒಳಗೆ ತೆಗೆದುಕೊಂಡರು.

ಗಂಡನಿಗೆ ಫೋನ್ ಮಾಡಬೇಕೆಂದು ಹೊರಗೆ ಬಂದು ಎಷ್ಟು ಗಂಟೆಯಾಯಿತೆಂದು ಕೈ ನೋಡಿಕೊಂಡೆ. ವಾಚು ನಿಂತಿತ್ತು. ಆದರೆ ಹತ್ತು ಹತ್ತರಲ್ಲಿ ಅಲ್ಲ. ಹನ್ನೊಂದಕ್ಕೆ ಹತ್ತಿರ ಬಂದು ನಿಂತಿತ್ತು. ಗೋಡೆಗಡಿಯಾರದಲ್ಲಿ ಮೂರಾಗುತ್ತಾ ಬಂದಿತ್ತು. ಕಾರ್ಕಳದಿಂದ ಮಣಿಪಾಲಕ್ಕೆ ಗಾಡಿ ಓಡಿಸಲು ಎಷ್ಟು ಹೊತ್ತು ಬೇಕೋ ಹೆಚ್ಚುಕಡಿಮೆ ಅಷ್ಟು ಹೊತ್ತು ಅದು ಓಡಿತ್ತು. ಬೆಂಚಿನಲ್ಲಿ ಕುಳಿತುಬಿಟ್ಟೆ.

ಗಂಡ ಎಲ್ಲ ಕೇಳಿ, "ಗಡಿಬಿಡಿಯಲ್ಲಿ ಕೀ ಹೊರಗೆ ಬಂದು ಮುಳ್ಳು ತಿರುಗಿರಬೇಕು" ಎಂದರು. ಇರಲಿ, ಮುಳ್ಳು ತಿರುಗಿತು. ನಾಡಿ ಎಣಿಸಿದ್ದು? "ನಿನಗೆ ಅಭ್ಯಾಸ ಉಂಟಲ್ವಾ, ಅಂದಾಜಿನಲ್ಲಿ ಎಣಿಸಿರ್ತೀ." ಅದನ್ನೂ ಪರೀಕ್ಷಿಸಿದೆ. ಅವರು ತಮ್ಮ ವಾಚು ನೋಡುತ್ತಿರುವಾಗ ನಾನು ಕಣ್ಣುಮುಚ್ಚಿ ಒಂದು ನಿಮಿಷವನ್ನು ಅಂದಾಜು ಮಾಡಿದೆ. ಒಂದು ಸಲವೂ ಸರಿ ಬರಲಿಲ್ಲ. ಮಾಮ್ ಹತ್ತಿರ ಹೋದೆ. ಅವರು ಮುಚ್ಚಳ ತೆಗೆದು ನೋಡಿದರು. ಒಳಗೆ ಸೆಲ್ಲಿನ ಜಾಗ ಖಾಲಿ. "ನಾನೇ ತೆಗೆದದ್ದಲ್ವಾ ಸಿಸ್ಟರ್" ಎಂದು ನನ್ನ ಮುಖ ನೋಡಿದರು. ಆ ದಿನ ಅವರು ತಮಾಷೆ ಮಾಡಲಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಅದನ್ನು ಮರೆತುಬಿಡುತ್ತಿದ್ದೆನೋ ಏನೋ. ಆದರೆ ಅತ್ತೆಗೆ ಪೇಸ್‌ಮೇಕರ್ ಹಾಕಿದರು. ಡಾಕ್ಟರು ಅವರಿಗೆ ಅರ್ಥವಾಗುವ ಹಾಗೆ, "ಎದೆಯ ಚರ್ಮದ ಕೆಳಗೆ ಒಂದು ಸಣ್ಣ ಯಂತ್ರ ಇಟ್ಟಿದ್ದೇವೆ ಅಮ್ಮ, ವಾಚಿನ ಹಾಗೆ ಸೆಲ್ಲಿನಲ್ಲಿ ಓಡುವುದು. ಮ್ಯಾಗ್ನೆಟ್ ಮಾತ್ರ ಹತ್ತಿರ ತರಬೇಡಿ" ಎಂದರು. ಅತ್ತೆ ಡಾಕ್ಟರನ್ನು ನೋಡಲಿಲ್ಲ. ನನ್ನನ್ನು ನೋಡಿದರು.

ಮನೆಗೆ ಬಂದ ಮೇಲೆ ಅವರು ನನ್ನನ್ನು ಹತ್ತಿರ ಬರಗೊಡಲಿಲ್ಲ. ತಲೆ ಬಾಚಲು ಪಕ್ಕದ ಮನೆಯವರು, ಮಾತ್ರೆ ಕೊಡಲು ಮಗ. ನಾನು ಕೋಣೆಯ ಹೊಸ್ತಿಲಲ್ಲಿ. "ಸಿಟ್ಟು ಮಾಡಬೇಡ ಮಗಾ. ಡಾಕ್ಟ್ರು ಹೇಳಿದ್ದಲ್ವಾ, ಮ್ಯಾಗ್ನೆಟ್ ಬರಬಾರದು ಅಂತ." ಗಂಡ ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಸಾಯುವ ಕೈಯನ್ನು ಹಿಡಿದು ತಂದವಳು ನಾನು, ಬದುಕಿದ ಕೈಯನ್ನು ಮುಟ್ಟಬಾರದಂತೆ! ಗಾಯದ ಬ್ಯಾಂಡೇಜ್ ಬದಲಿಸುವ ದಿನ ಅವರು ಮಗನ ಹತ್ತಿರ, "ಒಂದು ರಿಕ್ಷಾ ಕರೆ, ಪೇಟೆಯ ಕ್ಲಿನಿಕ್ಕಿನ ನರ್ಸ್ ಹತ್ತಿರ ಹೋಗುವ" ಎಂದದ್ದು ಕೇಳಿ ನನ್ನ ತಾಳ್ಮೆ ತಪ್ಪಿತು.

ಡ್ಯೂಟಿಯಿಂದ ಬಂದ ಯೂನಿಫಾರ್ಮಿನಲ್ಲೇ ಹೊಸ್ತಿಲು ದಾಟಿ ಒಳಗೆ ಹೋಗಿ ನಿಂತೆ. ನಮ್ಮಲ್ಲಿ ಅತ್ತೆಯನ್ನು ಮಾಮಿ ಎನ್ನುವುದು.

"ಮಾಮಿ, ಕಾರ್ಕಳದಿಂದ ಮಣಿಪಾಲದವರೆಗೆ ನಿಮ್ಮ ಕೈ ಹಿಡಿದದ್ದು ಯಾರು? ಆಗ ನಿಂತಿತಾ?"

"ಆಗ ನನ್ನೊಳಗೆ ಸೆಲ್ ಇರಲಿಲ್ಲ ಮಗಾ."

"ಎಂಥ ಮಾತು ಇದು!"

"ಆ ವಾಚಿನಲ್ಲೂ ಇರಲಿಲ್ಲ" ಎಂದರು ಅತ್ತೆ. "ನೀನು ಖಾಲಿ ವಾಚು ಕಟ್ಟಿಕೊಂಡು ಬರುವುದು ನನಗೆ ಗೊತ್ತಿಲ್ವಾ? ಎಲ್ಲ ಮದುವೆಯಲ್ಲೂ ಒಂದೇ ಗಂಟೆ. ಆ ದಿನ ಓಡ್ತಾ ಇತ್ತು. ಕೆಳಗೆ ಬಿದ್ದಲ್ಲಿಂದ ನಾನು ನೋಡಿದ್ದೇನೆ. ಸೆಲ್ ಇದ್ದದ್ದು ನಿನ್ನ ಕೈಯಲ್ಲಿ ನಿಲ್ತದೆ, ಇಲ್ಲದ್ದು ಓಡ್ತದೆ. ಈಗ ನನ್ನೊಳಗೆ ಉಂಟು. ಹೆದರಿಕೆ ಆಗುವುದಿಲ್ವಾ?"

ಖಾಲಿ ವಾಚು ಓಡಿದ ವಿಷಯ ನಾನು ಹೇಳಿದ್ದು ಗಂಡನಿಗೆ ಮತ್ತು ಮಾಮ್‌ಗೆ ಮಾತ್ರ. ತಾಯಿಗೆ ಹೇಳಿಲ್ಲ ಎಂದು ಗಂಡ ಇವತ್ತಿಗೂ ಆಣೆ ಮಾಡುತ್ತಾರೆ. ಆದರೂ ಸಿಟ್ಟು ಇಳಿಯಲಿಲ್ಲ. "ಹಾಗಾದರೆ ನಾನು ಈ ಕೈ ಎಲ್ಲಿ ಇಡಬೇಕು ಮಾಮಿ? ಕಡಿದು ಹಿತ್ತಿಲಿಗೆ ಬಿಸಾಡಲಾ?" ಎಂದು ಕೇಳಿದೆ. ಕೇಳುತ್ತಾ ನನಗೆ ಅಳು ಬಂತು. ಹೌದು, ಅತ್ತೇಬಿಟ್ಟೆ. ಅದರಲ್ಲಿ ನಾಚಿಕೆ ಏನೂ ಇಲ್ಲ.

ಅತ್ತೆ ಹೊದಿಕೆಯ ಒಳಗಿಂದ ಬಲಗೈ ಹೊರಗೆ ತೆಗೆದು ಮುಂದೆ ಚಾಚಿದರು. "ಹಿಡಿ. ನಿಂತರೆ ನಿಲ್ಲಲಿ."

ಹಿಡಿದೆ. ಗೋಡೆಗಡಿಯಾರ ನೋಡುತ್ತಾ ಎಣಿಸಿದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. "ಓಡ್ತಾ ಉಂಟಾ?" ಎಂದು ಮೆಲ್ಲನೆ ಕೇಳಿದರು. "ಚೆನ್ನಾಗಿ ಓಡ್ತಾ ಉಂಟು" ಎಂದೆ. ಬ್ಯಾಂಡೇಜ್ ನಾನೇ ಬದಲಿಸಿದೆ.

ಆಮೇಲೆ ಶುರುವಾಯಿತು ಇನ್ನೊಂದು ಪೀಡೆ. "ನನ್ನ ಸೊಸೆಯ ಕೈಗುಣ" ಎಂದು ಅತ್ತೆ ಊರಿಗೆಲ್ಲ ಹೇಳತೊಡಗಿದರು. ಜನ ಅಳುವ ಮಕ್ಕಳನ್ನು ಎತ್ತಿಕೊಂಡು ಬಂದರು, ಒಮ್ಮೆ ಮುಟ್ಟಿ ಎಂದರು. ಡಾಕ್ಟರ ಹತ್ತಿರ ಹೋಗಿ ಎಂದು ಅಟ್ಟಿದೆ. ಅತ್ತೆಗೂ ನೇರವಾಗಿಯೇ ಹೇಳಿದೆ: "ಕೈ ಅದೇ ಮಾಮಿ. ಬದಲಾದದ್ದು ನಿಮ್ಮ ಬಾಯಿ." ಅವರು ನಕ್ಕರು. ಮಲ್ಲಿಗೆಯ ಗೆಲ್ಲು ನನ್ನಿಂದಲೇ ನೆಡಿಸಿದರು. ಕೆಲವು ಚಿಗುರಿದವು, ಕೆಲವು ಸತ್ತವು, ಎಲ್ಲರೂ ನೆಟ್ಟವುಗಳ ಹಾಗೆಯೇ.

ವಾಚು ಈಗಲೂ ಇದೆ. ಒಮ್ಮೆ ಹಟಕ್ಕೆ ಹೊಸ ಸೆಲ್ ಹಾಕಿಸಿ ಕಟ್ಟಿಕೊಂಡೆ. ಬಸ್ಸು ಕಟಪಾಡಿ ದಾಟುವ ಮೊದಲೇ ನಿಂತಿತು. ಮತ್ತೆ ತೆಗೆಸಿದೆ. ಖಾಲಿಯಾಗಿ ಎಷ್ಟೋ ಸಲ ಕಟ್ಟಿಕೊಂಡು ಕದ್ದು ಕದ್ದು ನೋಡಿದ್ದೇನೆ, ಮತ್ತೊಮ್ಮೆಯೂ ಅಲುಗಿಲ್ಲ. ಅಂದು ಅದು ಯಾಕೆ ಓಡಿತು, ಹೇಗೆ ಓಡಿತು, ನನಗೆ ಗೊತ್ತಿಲ್ಲ.

ಆ ದಶಕ ಮುಗಿಯುವ ಹೊತ್ತಿಗೆ ಅತ್ತೆಯ ಯಂತ್ರದ ಸೆಲ್ ಕ್ಷೀಣಿಸಿತು, ಬದಲಿಸಬೇಕು ಎಂದರು ಡಾಕ್ಟರು. ಒಳಗೆ ಕರೆದುಕೊಂಡು ಹೋಗುವ ಮೊದಲು ಅತ್ತೆ ನನ್ನನ್ನು ಹತ್ತಿರ ಕರೆದರು. "ಹಳೆಯದು ತೆಗೆದು ಹೊಸತು ಹಾಕುವ ಮಧ್ಯೆ ನನ್ನೊಳಗೆ ಸೆಲ್ ಇರುವುದಿಲ್ಲ ಅಲ್ವಾ ಮಗಾ? ಅಷ್ಟು ಹೊತ್ತು ನೀನು ಹಿಡ್ಕೊ."

ಅದಕ್ಕೆಲ್ಲ ಡಾಕ್ಟರು ಬೇರೆ ವ್ಯವಸ್ಥೆ ಮಾಡಿರುತ್ತಾರೆ ಮಾಮಿ, ಇದೆಲ್ಲ ಹುಚ್ಚು ಎಂದೆ. ಈಗಲೂ ಅದನ್ನೇ ಹೇಳುತ್ತೇನೆ. ಆದರೂ ಅನುಮತಿ ಕೇಳಿ ಒಳಗೆ ಹೋಗಿ, ಹಸಿರು ಬಟ್ಟೆಯ ಕೆಳಗೆ ಕೈ ಹಾಕಿ ಅವರ ಮಣಿಕಟ್ಟು ಹಿಡಿದು ನಿಂತೆ. ಹಳೆಯದನ್ನು ತೆಗೆದು ತಟ್ಟೆಗೆ ಹಾಕಿದ ಸದ್ದು ಕೇಳಿಸಿತು. ಬೆರಳಿನ ಕೆಳಗೆ ನಾಡಿ ಓಡುತ್ತಲೇ ಇತ್ತು. ಹೊಸತು ಕೂರಿಸಿ ಆದ ಮೇಲೆ ಡಾಕ್ಟರು, "ಇನ್ನು ಬಿಡಬಹುದು ಸಿಸ್ಟರ್" ಎಂದರು.

ನಾನು ಬಿಡಲಿಲ್ಲ.